ಬಿಲ್ಲಿಗೆ ಬಾರದ ಕೊಸರು

ಪೆಟ್ಟಿಗೆ ಕೊಯ್ದಾಗ ಒಳಗೆ ಸಿಕ್ಕಿದ್ದು ಕಲ್ಲು.

ಒಂದಲ್ಲ, ಏಳು. ಆರು ದಪ್ಪನೆಯವು, ಏಳನೆಯದು ನೆಲ್ಲಿಕಾಯಿ ಗಾತ್ರದ್ದು. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ಅಚ್ಚುಕಟ್ಟಾಗಿ ಜೋಡಿಸಿದ್ದರು. ತನುಜ ಕತ್ತರಿ ಹಿಡಿದುಕೊಂಡೇ ನಿಂತುಬಿಟ್ಟಳು. ಕೆಲಸದ ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ರವಿಕೆ ಒಯ್ಯಲು ಬಂದಿದ್ದ ಶಿಡ್ಲಘಟ್ಟ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಅಮೃತ ಮಾತ್ರ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಒಳಗೊಳಗೇ ಹಿಗ್ಗಿದಳು.

ಮರುಕ್ಷಣ ನಾಚಿಕೊಂಡಳು. ಆದರೆ ಹಿಗ್ಗಿದ್ದು ನಿಜ.

ಕಾರಣವಿತ್ತು. ತನುಜಳದು ಮದುವೆ ರವಿಕೆಗಳಿಗೆ ಮಣಿ, ಜರಿ ಕೂರಿಸುವ ಅಂಗಡಿ. ಸಾಮಾನೆಲ್ಲ ಬರುವುದು ಆನ್‌ಲೈನ್‌ನಲ್ಲಿ ಮಾರುವ ಸೂರತ್‌ನ ಒಬ್ಬ ಸೇಠಿನಿಂದ. ಮೊದಲ ಸಲ ಪೂರ್ತಿ ರೇಟು ಕೊಟ್ಟಳು. ಎರಡನೇ ಸಲ ನೂರಕ್ಕೆ ಐದು ಬಿಡಿಸಿದಳು. ಬೇಕಾದ್ದನ್ನೆಲ್ಲ ಕಾರ್ಟಿಗೆ ಹಾಕುವುದು. ಹಣ ಕಟ್ಟದೆ ಎರಡು ದಿನ ಸುಮ್ಮನಿರುವುದು. ಸೇಠೇ ಮೆಸೇಜು ಮಾಡಿದಾಗ, ಅಲ್ಲಿ ಹಾಕಿರುವ ರೇಟು ಹೊಸಬರಿಗೆ, ತಾನು ಹಳೇ ಗಿರಾಕಿ ಎನ್ನುವುದು. ಆರನೇ ಆರ್ಡರಿನ ಹೊತ್ತಿಗೆ ನೂರಕ್ಕೆ ಇಪ್ಪತ್ತು ಇಳಿದಿತ್ತು. ಅಮೃತ ಅದೇ ಸೇಠಿಗೆ ಒಂದು ಸೀರೆ ಅಂಚಿಗಾಗಿ ಮಾರುದ್ದ ಬರೆದುಕೊಂಡಿದ್ದಳು. ಬಂದ ಉತ್ತರ, ‘ಫಿಕ್ಸೆಡ್ ರೇಟ್ ಮೇಡಂ’. ಜೊತೆಗೊಂದು ಕೈಮುಗಿದ ಚಿತ್ರ. ಆ ಮುಗಿದ ಕೈ ನೆನೆದರೆ ಅವಳ ಹೊಟ್ಟೆ ಇವತ್ತಿಗೂ ಉರಿಯುತ್ತಿತ್ತು.

“ನೋಡಿದ್ರಾ ಅಕ್ಕಾ? ಚೌಕಾಸಿ ಮಾಡ್ತೀನಿ ಅಂತ ಸೇಠು ಸೇಡು ತೀರಿಸ್ಕೊಂಡ!”

“ತಡಿಯಮ್ಮ, ಅವಸರ ಮಾಡ್ಬೇಡ.”

ತನುಜ ಆಗಲೇ ಮಾಡಿ ಮುಗಿಸಿದ್ದಳು. ಒಂದು ಸ್ಟಾರ್ ಕೊಟ್ಟು, ಕೆಳಗೆ ‘ಕಳ್ಳ’ ಎಂದು ಬರೆದಿದ್ದಳು. ಹತ್ತು ನಿಮಿಷಕ್ಕೆ ಸೇಠು ಅವಳನ್ನು ಬ್ಲಾಕ್ ಮಾಡಿದ.

* * *

ಅಮೃತ ತನ್ನ ಫೋನಿನಿಂದ ಸೇಠಿಗೆ ಕರೆ ಮಾಡಿದಳು. ಅವನು ಹಿಂದಿಯಲ್ಲಿ ಹಾರಾಡಿದ. ಪ್ಯಾಕ್ ಮಾಡಿದ್ದಕ್ಕೆ ವಿಡಿಯೋ ಇದೆ ಎಂದ. ತಪ್ಪು ತನ್ನದಲ್ಲವೆಂದು ಸಾಬೀತು ಮಾಡಿದರೆ ಹಳೇ ರೇಟು, ಇಲ್ಲದಿದ್ದರೆ ಆ ಹೆಂಗಸಿಗೆ ಯಾವ ರೇಟಿಗೂ ಮಾರುವುದಿಲ್ಲ ಎಂದು ಫೋನಿಟ್ಟ.

ತನುಜ ಹೊಲಿಗೆ ಮೆಷಿನ್ನಿನ ಮುಂದೆ ಕುಸಿದು ಕೂತಳು.

“ಆ ರೇಟು ಹೋದ್ರೆ ಅಂಗಡಿ ಬಾಗಿಲು ಹಾಕೋದೇ ಅಕ್ಕಾ. ಈ ಹುಡುಗೀರನ್ನ ಎಲ್ಲಿಗೆ ಕಳಿಸ್ಲಿ?”

ಅಮೃತ ಕಲ್ಲು ಸುತ್ತಿದ್ದ ಪೇಪರನ್ನು ಬಿಡಿಸಿ ನೋಡಿದಳು. ಕನ್ನಡ ಪೇಪರು. ಚಿಕ್ಕಬಳ್ಳಾಪುರ ಜಿಲ್ಲೆಯ ಪುಟ. ಶನಿವಾರದ್ದು.

“ಪೆಟ್ಟಿಗೆ ಬಂದಿದ್ದು ಯಾವತ್ತು?”

“ಶನಿವಾರ ಮಧ್ಯಾಹ್ನ. ನಾನು ಅಳತೆ ತಗೊಳಕ್ಕೆ ಕೈವಾರಕ್ಕೋಗಿದ್ದೆ. ಡೆಲಿವರಿ ಹುಡುಗ ಮುನೇಶ ಫೋನ್ ಮಾಡ್ದ, ಓಟಿಪಿ ಹೇಳ್ದೆ. ಪಕ್ಕದಲ್ಲಿ ಗಂಗುಲಮ್ಮನ ಹತ್ರ ಕೊಟ್ಟು ಹೋದ. ಸಂಜೆ ಬಂದು ಇಸ್ಕೊಂಡೆ. ನೆನ್ನೆ ಭಾನುವಾರ, ಅಂಗಡಿ ತೆಗೀಲಿಲ್ಲ.”

“ಶನಿವಾರದ ಕನ್ನಡ ಪೇಪರು ಸೂರತ್ತಿಗೆ ಹೋಗಿ, ಕಲ್ಲು ಸುತ್ಕೊಂಡು ಅವತ್ತೇ ವಾಪಸ್ ಬಂತೇನಮ್ಮ? ಕಲ್ಲು ತುಂಬಿ ಮತ್ತೆ ಅಂಟಿಸಿರೋದು ಇಲ್ಲೇ.”

ಪಕ್ಕದ ತರಕಾರಿ ಅಂಗಡಿಯಲ್ಲಿ ಗಂಗುಲಮ್ಮ ಸೊಪ್ಪು ಬಿಡಿಸುತ್ತಿದ್ದಳು. ಅರವತ್ತೈದು ದಾಟಿದ ಜೀವ. ಒಂದು ಕಾಲಕ್ಕೆ ಆ ಬೀದಿಯ ಯಾವ ಮನೆಯವರೂ ಅವಳಿಲ್ಲದೆ ಚಿಂತಾಮಣಿಗೆ ಮದುವೆ ಜವಳಿ ತರಲು ಹೋದವರಲ್ಲ. ಈಗ ಸೊಪ್ಪು, ಟೊಮೇಟೊ, ಮುಂದೊಂದು ತಕ್ಕಡಿ. ಸಾದಾ ಫೋನು ಕೂಡ ಇಟ್ಟುಕೊಂಡಿರಲಿಲ್ಲ.

“ತಂದಿಟ್ಟ, ಇಟ್ಕೊಂಡೆ. ಬಂದು ಕೇಳಿದ್ಳು, ಕೊಟ್ಟೆ. ನಂಗೇನಮ್ಮಾ ಗೊತ್ತು?” ಎಂದಳು ಗಂಗುಲಮ್ಮ, ತಲೆ ಎತ್ತದೆ.

ಈ ಮುದುಕಿಗೆ ಜರಿ, ಮಣಿ ಯಾತಕ್ಕೆ? ಉಳಿದವನು ಡೆಲಿವರಿ ಮುನೇಶ. ತಡವಾಗಿ ತರುತ್ತಾನೆಂದು ತನುಜ ಹೋದ ತಿಂಗಳು ಅವನ ಮೇಲೆ ದೂರು ಕೊಟ್ಟಿದ್ದಳು. ಅಮೃತ ಅವನನ್ನು ಬೀದಿಯ ನಡುವೆಯೇ ಬೈಕಿನಿಂದ ಇಳಿಸಿ ಠಾಣೆಗೆ ಕರೆದೊಯ್ದಳು. ಇಡೀ ಬೀದಿ ನಿಂತು ನೋಡಿತು.

* * *

“ಮೇಡಂ, ನನ್ ಹತ್ರ ಇರೋದು ಒಂದು ಬೈಕು, ಒಂದು ಚೀಲ,” ಎಂದ ಮುನೇಶ. ಕಣ್ಣು ಕೆಂಪಾಗಿದ್ದವು. “ಪೆಟ್ಟಿಗೇನ ನಾನು ಹೆಂಗೆ ಇಸ್ಕೊಂಡ್ನೋ ಹಂಗೇ ಕೊಟ್ಟಿದ್ದೀನಿ. ಕೂತ್ಕೊಂಡು ಕಲ್ಲು ತೂಗಿ ತುಂಬ್ತಾ ಇದ್ರೆ ನನ್ನ ಪಾರ್ಸಲ್ ಯಾರು ಹಾಕ್ತಾರೆ?”

ಅಮೃತ ತಲೆ ಎತ್ತಿದಳು. ತೂಗಿ?

ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಮೂರು ಕಿಲೊ ಇನ್ನೂರು ಗ್ರಾಂ ಎಂದಿತ್ತು. ಕಲ್ಲು ಸಮೇತ ಅದನ್ನು ಎದುರಿನ ದಿನಸಿ ಅಂಗಡಿಗೆ ಒಯ್ದು ತೂಗಿಸಿದಳು. ಮೂರು ಕಿಲೊ ಇನ್ನೂರು. ಒಂದು ಗ್ರಾಮೂ ಆಚೀಚೆ ಇಲ್ಲ. ನೆಲ್ಲಿಕಾಯಿ ಗಾತ್ರದ ಆ ಏಳನೇ ಕಲ್ಲು ಯಾಕಿತ್ತು ಎಂದು ಈಗ ಗೊತ್ತಾಯಿತು. ತೂಕ ಸರಿದೂಗಿಸಲು.

ಮುನೇಶನನ್ನು ಮನೆಗೆ ಕಳಿಸಿದಳು. ಅವನ ಮುಖ ನೋಡಲು ಅವಳಿಗೆ ಆಗಲಿಲ್ಲ.

* * *

ಮಂಗಳವಾರ ಬೆಳಿಗ್ಗೆ ತನುಜಳ ಅಂಗಡಿಯ ಬೀಗಕ್ಕೆ ಒಂದು ಗೋಣಿಚೀಲ ನೇತುಬಿದ್ದಿತ್ತು. ಒಳಗೆ ಕಳುವಾದ ಸಾಮಾನು, ಬಿಲ್ಲಿನ ಸಮೇತ.

ತನುಜ ಬಿಲ್ಲು ಹಿಡಿದು ಒಂದೊಂದನ್ನೇ ತೆಗೆದಿಟ್ಟಳು. “ಇಪ್ಪತ್ನಾಲ್ಕು ಸಾಮಾನೂ ಇದೆ ಅಕ್ಕಾ! ಒಂದು ದಾರ ಕೂಡ ಕಮ್ಮಿಯಿಲ್ಲ.”

ಅಮೃತ ಸೇಠಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಎಲ್ಲ ಸಿಕ್ಕಿತೆಂದು ತಿಳಿಸಿದಳು.

“ಮೇಲೆ ಹಾಕಿದ್ದೂ ಸಿಕ್ಕಿತಾ?” ಎಂದು ಅವನು ಕೇಳಿದ. “ನವಿಲುಗರಿ ಬಣ್ಣದ ಮಣಿ, ಬೇರೆಯಾಗಿ ಕಟ್ಟಿದ ಒಂದು ಸಣ್ಣ ಡಬ್ಬಿ. ಹಣ ಕಟ್ಟಿದ ಮೇಲೂ ಆ ಹೆಂಗಸು ಸುಮ್ಮನಿರುವುದಿಲ್ಲ. ಹಳೇ ಗಿರಾಕಿ, ಏನಾದರೂ ಸೇರಿಸಿ ಅನ್ನುತ್ತಾಳೆ. ಬಿಲ್ಲಿಗೆ ಹಾಕಿಲ್ಲ.”

“ಕೊಸರು!” ಎಂದಳು ತನುಜ. “ಪ್ರತಿ ಸಲಾನೂ ಕೇಳ್ತೀನಿ. ಏನು ಹಾಕ್ತಾನೆ ಅಂತ ಪೆಟ್ಟಿಗೆ ತೆಗೆಯೋವರ್ಗೂ ನಂಗೂ ಗೊತ್ತಿರಲ್ಲ.”

ಚೀಲವನ್ನು ತಲೆಕೆಳಗಾಗಿ ಕೊಡವಿದರು. ಮಣಿಯ ಡಬ್ಬಿ ಇರಲಿಲ್ಲ.

ಅಮೃತ ಯೋಚಿಸುತ್ತಾ ಕೂತಳು. ಸಾವಿರಾರು ರೂಪಾಯಿಯ ಜರಿ ಹಿಂದಕ್ಕೆ ಬಂದಿದೆ. ಪುಕ್ಕಟೆ ಬಂದ ಮಣಿ ಮಾತ್ರ ಬಂದಿಲ್ಲ. ಎಂಥ ಕಳ್ಳರು ಇವರು? ಮೂರನೇ ಸಲ ಅದನ್ನೇ ಕೇಳಿಕೊಂಡಾಗ ಉತ್ತರ ತಲೆಯಿಂದಲ್ಲ, ಹೊಟ್ಟೆಯಿಂದ ಬಂತು. ತಾನೇ ಕದ್ದಿದ್ದರೂ ಅದನ್ನೇ ಇಟ್ಟುಕೊಳ್ಳುತ್ತಿದ್ದೆ! ತನುಜಳ ಜರಿ ಕಂಡು ತನಗೆಂದೂ ಹೊಟ್ಟೆ ಉರಿದಿರಲಿಲ್ಲ. ಅವಳು ಕೇಳಿದರೆ ಸಿಗುತ್ತದಲ್ಲ, ಅದಕ್ಕೆ ಉರಿದಿತ್ತು.

ಎದ್ದು ಮುನೇಶನಿಗೆ ಫೋನ್ ಮಾಡಿ ಬರಹೇಳಿದಳು.

* * *

“ಅಜ್ಜೀ, ನವಿಲು ಮಣಿ ಎಲ್ಲಿ?”

ಗಂಗುಲಮ್ಮ ತಕ್ಕಡಿ ಕೆಳಗಿಟ್ಟಳು. ತನುಜ, ಮುನೇಶ ಇಬ್ಬರೂ ಅಮೃತಳ ಮುಖ ನೋಡಿದರು.

“ನಾನೇ ಹೇಳ್ತೀನಿ ಕೇಳಿ,” ಎಂದಳು ಅಮೃತ. “ಪೆಟ್ಟಿಗೆ ತೂಕ ಗ್ರಾಂ ಲೆಕ್ಕದಲ್ಲಿ ಸರಿಹೋಗಿದೆ. ಅದಕ್ಕೆ ತಕ್ಕಡಿ ಬೇಕು, ತೂಗಿ ತೂಗಿ ಪಳಗಿದ ಕೈ ಬೇಕು. ಇದು ಒಂದು. ಮುನೇಶನ್ನ ನಾನು ಎಳ್ಕೊಂಡು ಹೋಗಿದ್ದು ನೋಡಿ, ಬೆಳಗಾಗೋದ್ರಲ್ಲಿ ಸಾಮಾನು ವಾಪಸ್ ಬಂತು. ಅಂದ್ರೆ ಕದ್ದೋರು ಈ ಬೀದಿಯೋರೇ. ತಪ್ಪಿಲ್ಲದೋನಿಗೆ ಏಟು ಬೀಳೋದನ್ನ ನೋಡಕ್ಕಾಗ್ದೋರು. ಇನ್ನೊಂದು, ಬಿಲ್ಲಲ್ಲಿ ಇದ್ದಿದ್ದನ್ನೆಲ್ಲ ಕೊಟ್ಟು ಕೊಸರು ಮಾತ್ರ ಇಟ್ಕೊಂಡಿದ್ದಾರೆ. ದುಡ್ಡು ಕೊಟ್ಟು ತಗೊಂಡಿದ್ದು ತನುಜಂದು. ಕೊಸರು ಕೇಳೋರ ಬಾಯಿಂದ ಬರೋದು, ಅದಕ್ಕೆ ಬಿಲ್ಲಿಲ್ಲ. ಹಂಗೆ ಲೆಕ್ಕ ಹಾಕೋರು ಈ ಬೀದೀಲಿ ಒಬ್ರೇ ಇದ್ದಾರೆ, ಎಲ್ರ ಮದುವೆ ಜವಳಿಗೂ ಚೌಕಾಸಿ ಮಾಡ್ಕೊಟ್ಟೋರು.”

ಗಂಗುಲಮ್ಮ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದಳು. ಅಡಿಕೆಯ ನಡುವಿನಿಂದ ಸಣ್ಣ ಡಬ್ಬಿಯೊಂದು ಹೊರಬಂತು.

“ಕೊಸರು ನಂದೇ,” ಎಂದಳು. “ಏಮಮ್ಮಾ ತನುಜಾ, ನೀನು ಹೊಸದಾಗಿ ಮದ್ವೆಯಾಗಿ ಬಂದಾಗ ಚಿಂತಾಮಣಿಗೆ ಕರ್ಕೊಂಡೋಗಿದ್ದು ಯಾರು? ರೇಟು ಕೇಳಿ ಎದ್ದುಬಿಡು, ಹತ್ತು ಹೆಜ್ಜೆ ಹೋಗು, ತಿರುಗಿ ನೋಡ್ಬೇಡ, ಅವನೇ ಕೂಗ್ತಾನೆ ಅಂತ ಹೇಳ್ಕೊಟ್ಟಿದ್ದು ಯಾರು? ಈಗ ಎಲ್ರೂ ನಿನ್ನ ಫೋನ್ ಮುಂದೆ ಬಂದು ಕೂತ್ಕೋತಾರೆ. ಎಲ್ಲಿ ಕಲ್ತೆ ಅಂತ ಕೇಳಿದ್ರೆ, ನಾನೇ ಕಲ್ತೆ ಅಂತೀಯ. ಗೋಡೆ ಈ ಕಡೆ ಕೂತು ದಿನಾ ಕೇಳಿಸ್ಕೊಂಡೆ ಕಣೇ. ಹೊಟ್ಟೆ ಉರೀತು. ಒಂದು ಸಲ ಬರೀ ಕಲ್ಲು ಬಂದ್ರೆ ಇವಳ ಜಂಬ ಇಳಿಯುತ್ತೆ ಅನ್ನಿಸ್ತು. ಅಂಗಡಿಗೇ ಸಂಚಕಾರ ಬರುತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ.”

ತನುಜಳ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದಳು. ಕಾರ್ಟು ತುಂಬಿಸಿ ಎರಡು ದಿನ ಸುಮ್ಮನಿರುವ ತನ್ನ ಉಪಾಯ, ಆ ಹತ್ತು ಹೆಜ್ಜೆಯೇ ಅಲ್ಲವೆ?

“ಕೇಸ್ ಬೇಡ ಅಕ್ಕಾ,” ಎಂದಳು ಕೊನೆಗೆ.

“ನಿಂಗೆ ಬೇಡ. ಮುನೇಶನಿಗೆ?”

ಗಂಗುಲಮ್ಮ ಎದ್ದು ನಿಂತು ಅವನಿಗೆ ಕೈಮುಗಿದಳು. “ಬಿಡಜ್ಜಿ, ದೊಡ್ಡೋರು ನೀವು,” ಎಂದು ಮುನೇಶ ಹಿಂದೆ ಸರಿದ. ಅಮೃತಳೂ ತಗ್ಗಿದ ದನಿಯಲ್ಲಿ ಅವನಿಗೆ ತಪ್ಪಾಯಿತೆಂದಳು.

ಆಮೇಲೆ ಸೇಠಿಗೆ ಕರೆ ಮಾಡಿ, ಪೇಪರಿನ ತಾರೀಖಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದಳು. ತನುಜ ಆ ಒಂದು ಸ್ಟಾರನ್ನು ಅಳಿಸಿದಳು. ಸೇಠು ಸಮಾಧಾನಗೊಂಡ. ಹಳೇ ರೇಟು ಕೊಡುತ್ತೇನೆ, ಆದರೆ ಇಷ್ಟೆಲ್ಲ ರಾದ್ಧಾಂತ ಆಗಿದ್ದರಿಂದ ಇನ್ನು ಮೇಲೆ ಬಿಲ್ಲಿನಾಚೆ ಒಂದು ಮಣಿಯನ್ನೂ ಹಾಕುವುದಿಲ್ಲ ಎಂದ. ಅಮೃತ ಅದನ್ನು ಕನ್ನಡದಲ್ಲಿ ಹೇಳಿದಳು.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಗಂಗುಲಮ್ಮ ಸರಕ್ಕನೆ ತಲೆ ಎತ್ತಿದಳು.

“ಏನಂದ? ಕೊಸರು ಕೊಡಲ್ವಂತಾ? ಆರು ಸಲ ವ್ಯಾಪಾರ ಮಾಡಿರೋ ನಮ್ಮ ಹುಡುಗಿಗೆ? ಕೊಡಮ್ಮಾ ಇಲ್ಲಿ ಫೋನು!”

ಫೋನನ್ನು ಕಸಿದುಕೊಂಡು ಒಂದೇ ಮಾತು ಹೇಳಿದಳು, “ಹಂಗಾದ್ರೆ ಬೇಡ ಬಿಡಪ್ಪಾ.” ಸೇಠಿಗೆ ಕನ್ನಡ ಬಾರದು. ದನಿ ಅರ್ಥವಾಗಿರಬೇಕು. ಅವನು ಏನೋ ಹೇಳುತ್ತಿದ್ದಂತೆಯೇ ತನುಜ ಕೈಚಾಚಿ ಕರೆ ಕತ್ತರಿಸಿದಳು. ಗಂಗುಲಮ್ಮ ಫೋನನ್ನು ಟೊಮೇಟೊ ಬುಟ್ಟಿಯ ಮೇಲೆ ಕವುಚಿಟ್ಟಳು.

“ಯಾರೂ ಮುಟ್ಬೇಡಿ,” ಎಂದಳು ತನುಜ.

ಇಬ್ಬರೂ ಅಕ್ಕಪಕ್ಕ ಕೂತು ಸೊಪ್ಪು ಬಿಡಿಸತೊಡಗಿದರು, ಏನೂ ಆಗಿಲ್ಲವೆಂಬ ಹಾಗೆ. ಎರಡು ನಿಮಿಷ ಕಳೆಯಿತು. ಫೋನು ರಿಂಗಾಯಿತು. ಸೂರತ್ ನಂಬರು.

ಅಮೃತ ಕೈ ಚಾಚಿದಳು. ಗಂಗುಲಮ್ಮ ಸೊಪ್ಪಿನ ಕಡ್ಡಿಯಿಂದ ಆ ಕೈಗೊಂದು ಹೊಡೆದಳು.

“ಎತ್ಬೇಡ. ಇನ್ನೊಂದು ಸಲ ಬರ್ಲಿ.”

ಅಮೃತಳಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಈ ಸಲ ಒಬ್ಬಳ ಮೇಲಲ್ಲ, ಇಬ್ಬರ ಮೇಲೂ. ಅವಳು ಟೋಪಿ ತೆಗೆದು, ಸ್ಟೂಲೊಂದನ್ನು ಹತ್ತಿರಕ್ಕೆ ಎಳೆದುಕೊಂಡು, ತಾನೂ ಒಂದು ಕಟ್ಟು ಸೊಪ್ಪು ಕೈಗೆತ್ತಿಕೊಂಡಳು.