ತ್ರಿವೇಣಿಯ ಹೆಸರಿನಲ್ಲಿ

ಸತ್ತವನ ದಾಖಲೆಯಿಂದ ಒಂದು ಸಾಲು ಕಾಣೆಯಾಗಿತ್ತು.

ಬೆಳಗಾವಿಯ ಖಾಸಬಾಗದ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ, ಅಲ್ಲಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಆಯೆಷಾ ಆ ಪುಟವನ್ನು ಎದುರಿಗಿಟ್ಟುಕೊಂಡು ಕೂತಿದ್ದಳು. ಹಣಮಪ್ಪ, ಕುರಿ ಕಾಯುವವನು, ಕಾಲಿನ ಗಾಯ ಕೀವಾಗಿ ಖಾನಾಪುರದ ಶಾಖೆಗೆ ಬಂದಿದ್ದ. ಮಧ್ಯಾಹ್ನ ಒಂದು ಇಂಜೆಕ್ಷನ್. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತ್ತು. ಆ ಔಷಧ ಅವನ ಮೈಗೆ ಆಗಿಬರುವುದಿಲ್ಲವೆಂದು ಬಂದ ಕೂಡಲೇ ಹೇಳಿದ್ದೆ ಎನ್ನುತ್ತಿದ್ದಳು ಹೆಂಡತಿ ಫಕೀರವ್ವ. ದಾಖಲೆಯಲ್ಲಿ ಆ ಮಾತಿಲ್ಲ. ಅದರ ಜಾಗದಲ್ಲಿ ಕಂಪ್ಯೂಟರ್ ತಾನಾಗಿ ಬರೆದುಕೊಂಡ ಸಣ್ಣಕ್ಷರದ ಟಿಪ್ಪಣಿ — ಸಾಲು ಅಳಿಸಲಾಗಿದೆ. ಅಳಿಸಿದವರು: ತ್ರಿವೇಣಿ. ಹೊತ್ತು? ಸಾವಿನ ನಂತರದ್ದು.

ತ್ರಿವೇಣಿ ಖಾನಾಪುರ ಶಾಖೆಯ ನರ್ಸ್. ಈ ಸಂಜೆ ಪೊಲೀಸರಿಗೆ ಅವಳ ಹೆಸರು ಹೋಗುವುದಿತ್ತು. ಕೆಲಸ ಹೋಗುವುದಂತೂ ಆಗಲೇ ತೀರ್ಮಾನ. ಅದಕ್ಕೆ ಮೊದಲು ಒಂದು ವಿಚಾರಣೆ ನಡೆದರೆ ನೋಡುವುದಕ್ಕೆ ಚೆನ್ನಾಗಿರುತ್ತದೆಂದು ಆಡಳಿತ ಮಂಡಳಿ ನಿವೃತ್ತ ಇನ್‌ಸ್ಪೆಕ್ಟರ್ ಬೀಬಿಜಾನ ಕಿಲ್ಲೇದಾರರನ್ನು ಕರೆಸಿತ್ತು. ವಯಸ್ಸಾದವರು, ಬೇಗ ಮುಗಿಸಿ ಹೋಗುತ್ತಾರೆ ಎಂಬುದು ಮಂಡಳಿಯ ಅಂದಾಜು. ರವಿವಾರ ಪೇಟೆಯಲ್ಲಿ ಅವರ ಪಕ್ಕದ ಮನೆಯಲ್ಲೇ, ಅವರನ್ನು ಖಾಲಾ, ಚಿಕ್ಕಮ್ಮ, ಎಂದು ಕರೆದು ಬೆಳೆದ, ಹಿಡಿದದ್ದನ್ನು ಬಿಡದ ಅವರ ಸ್ವಭಾವ ಬಲ್ಲ ಆಯೆಷಾಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

"ತ್ರಿವೇಣಿ ಅಂತ ಬರದೈತಿ. ಹಂಗಾರ ಅಕೀನ ಅಳಿಸ್ಯಾಳ?" ಎಂದರು ಬೀಬಿಜಾನ.

"ಅಲ್ಲೇ ಗೊಂದಲ ಐತಿ ಖಾಲಾ. ನರ್ಸ್‌ಗೋಳಿಗೆ ಬರಿಯಾಕ ಆಗತೈತಿ, ಅಳಸಾಕ ಆಗೂದಿಲ್ಲ."

ಆಯೆಷಾ ನೌಕರರ ಖಾತೆಗಳೆಲ್ಲ ಇರುವ ಡೈರೆಕ್ಟರಿಯನ್ನು ತೆರೆದಳು. ಒಬ್ಬೊಬ್ಬರಿಗೆ ಒಂದೊಂದು ಖಾತೆ. ಖಾತೆಯನ್ನು ಯಾವ ಗುಂಪಿಗೆ ಸೇರಿಸಿದರೆ ಆ ಗುಂಪಿನ ಬೀಗದ ಕೈಗಳು ಅದಕ್ಕೆ. ಅಳಿಸುವ ಕೈ ಡಾಕ್ಟರರ ಗುಂಪಿಗೆ ಮಾತ್ರ.

"ಅಂದ್ರ ಇಕೀನ್ನ ಯಾರೋ ಡಾಕ್ಟರ್ ಮಾಡ್ಯಾರ."

"ಆವತ್ತ ಸಂಜಿ. ಸೇರಿಸ್ಯಾರ, ತಗದಾರ, ಮತ್ತ ಸೇರಿಸ್ಯಾರ, ತಗದಾರ, ಮತ್ತ ಸೇರಿಸ್ಯಾರ. ಕೆಲಸ ಆದ ಮ್ಯಾಲ ತಗದ ಬಿಟ್ಟಾರ. ಖಾನಾಪುರದ ಲೈನ್ ಕೈ ಕೊಟ್ಟಿರಬೇಕು, ಅದಕ್ಕ ಅಷ್ಟ ಸಲ."

"ಯಾರು?"

"ಅಡ್ಮಿನ್ ಅಂತ ಒಂದ ಅಕೌಂಟ್ ಐತಿ. ಪಾಸ್‌ವರ್ಡ್ ಮೂರ ಮಂದಿಗೆ ಗೊತ್ತು. ನಂಗ, ಖಾನಾಪುರದ ಕಂಪ್ಯೂಟರ್ ನೋಡಿಕೊಳ್ಳೊ ಅನಿಕೇತಗ, ಬಸಲಿಂಗಪ್ಪ ಸಾಹೇಬ್ರಿಗೆ."

"ದೊಡ್ಡ ಡಾಕ್ಟರ್‌ಗೆ ಅದ್ಯಾಕ?"

"ದೊಡ್ಡವ್ರು ಅಂತ."

ತಮ್ಮದೇ ಆಸ್ಪತ್ರೆಯಲ್ಲಿ ತಮಗೆ ತೆರೆಯದ ಬಾಗಿಲೊಂದು ಇರುವುದು ಮುಖ್ಯ ವೈದ್ಯ ಬಸಲಿಂಗಪ್ಪನವರಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಬಾಗಿಲು ತೆರೆದು ಏನು ಮಾಡಬೇಕೆಂಬ ಪ್ರಶ್ನೆ ಆಗ ಯಾರಿಗೂ ಬಂದಿರಲಿಲ್ಲ.

"ಆವತ್ತ ಸಂಜಿ ನೀ ಎಲ್ಲಿದ್ದಿ?"

"ಇಲ್ಲೇ, ಮಂಡಳಿ ಸಭಾದಾಗ. ಖಾಲಾ, ನನ್ನೂ ಕೇಳ್ತೀರೇನು?"

"ಎಲ್ಲಾರನೂ ಕೇಳೂದ ನನ್ನ ಹೊಟ್ಟಿಪಾಡು. ನಡಿ, ಖಾನಾಪುರಕ್ಕ ಹೋಗೂಣು."

ಖಾನಾಪುರದಲ್ಲಿ ಆಕಾಶ ಬೂದಿ ಬಳಿದುಕೊಂಡಿತ್ತು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಫಕೀರವ್ವ ಕೂತಿದ್ದಳು. ಯಾರನ್ನೂ ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಅದೇ ಎಲ್ಲರಿಗೂ ಕಷ್ಟವಾಗಿತ್ತು.

ವಾರ್ಡಿನ ಕಂಪ್ಯೂಟರಿನ ಬಳಿ ತ್ರಿವೇಣಿ ನಿಂತೇ ಉತ್ತರಿಸಿದಳು.

"ಫಕೀರವ್ವ ಹೇಳಿದ್ದನ್ನ ನಾ ಬರದೇನ್ರಿ. ಅಳಿಸಿಲ್ರಿ."

"ಪಾಸ್‌ವರ್ಡ್ ಯಾರಿಗರೆ ಹೇಳೀಯೇನು?"

"ಇಲ್ರಿ. ಆದ್ರ..." ಅವಳು ಆಯೆಷಾಳ ಕಡೆ ಅಂಜುತ್ತ ನೋಡಿದಳು. "ಮುಂಜಾನಿ ನಾ ಒಮ್ಮೆ ಲಾಗಿನ್ ಆದ್ನೆಂದ್ರ ಸಂಜಿತನಕ ಎಲ್ಲಾರೂ ಅದರಾಗ ಬರೀತಾರ್ರಿ. ಇಲ್ಲಿ ಲೈನ್ ಅಷ್ಟ ನಿಧಾನ. ಹೊರಗ ಬಂದು ಮತ್ತ ಒಳಗ ಹೋಗೂದ್ರಾಗ ಚಹಾ ಕುದ್ದು ಆರತೈತಿ."

"ಬಾಗಲಾ ತಗಿಯೂದು ನೀ, ಒಳಗ ಬರೂದು ಊರಮಂದಿ," ಎಂದರು ಬೀಬಿಜಾನ. "ಆವತ್ತೂ ಸಂಜಿತನಕ ತಗದ ಇತ್ತೇನು?"

"ನಡುವ ಒಮ್ಮೆ ಬಂದ್ ಆಗಿತ್ರಿ. ಕರೆಂಟ್ ಹೋತಂದ್ರು. ಓಡಿ ಬಂದು ಪಾಸ್‌ವರ್ಡ್ ಹಾಕಿ, ಮತ್ತ ಹೆಣದ ಕಡೆ ಹೋದ್ನಿ."

ನೆಲ ಒರೆಸುತ್ತಿದ್ದ ಆಯಾ ಸಾತವ್ವ ತಲೆ ಎತ್ತದೆ ಗೊಣಗಿದಳು: "ಎಲ್ಲೀ ಕರೆಂಟ ತಗೀ! ಮ್ಯಾಲ ಫ್ಯಾನ್ ಗರಾಗರಾ ತಿರಗತಿತ್ತು."

ಮುಂದೆ ಅನಿಕೇತ. ಹೆದರಿಕೆಯನ್ನು ಮಾತಿನಲ್ಲಿ ಮುಚ್ಚುವ ಜಾತಿ.

"ಖರೇ ಹೇಳ್ತೀನ್ರಿ, ಆವತ್ತ ಎಲ್ಲಾರೂ ಇಲ್ಲೇ ಇದ್ರು. ಸುದ್ದಿ ಕೇಳಿ ಸಾಹೇಬ್ರು ಬೆಳಗಾವಿಂದ ಬಂದಿದ್ರು. ಉಜೈರ ಡಾಕ್ಟರ್ ಇದ್ರು, ನಾನೂ ಇದ್ದೆ. ಪಾಸ್‌ವರ್ಡ್ ಸಾಹೇಬ್ರಿಗೂ ಗೊತ್ತು, ನಂಗೂ ಗೊತ್ತು. ಸಿಗೂದು ಮಾತ್ರ ನಾನ!"

"ಇನ್ನೂ ಸಿಕ್ಕಿಲ್ಲ, ಗಾಬರಿ ಆಗಬ್ಯಾಡ. ಯಾರನ್ನರೆ ಹೊಸಾ ಗ್ರೂಪಿಗೆ ಸೇರಿಸಿದ್ರ ಮುಂದ ಏನ್ ಮಾಡ್ತಿ?"

"ಫೋನ್ ಮಾಡಿ, ಒಮ್ಮೆ ಲಾಗ್‌ಔಟ್ ಆಗಿ ಬರ್ರಿ ಅಂತೇನ್ರಿ. ಒಳಗ ಬರೂ ಮುಂದ ಯಾವ ಕೈ ಇಸಕೊಂಡಿರ್ತಾರೋ, ಹೊರಗ ಹೋಗೂತನಕ ಅವ ಇರತಾವ. ನಾವು ಇಲ್ಲಿ ಕುಂತು ಎಷ್ಟ ಸೇರಿಸಿದ್ರೂ ಹತ್ತೂದಿಲ್ಲ."

ಬೀಬಿಜಾನ ಆಯೆಷಾಳತ್ತ ನೋಡಿದರು. ಆಯೆಷಾಗೆ ಇದು ಗೊತ್ತಿರುವುದೇ. ಗೊತ್ತಿದ್ದದ್ದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ.

ಉಜೈರ ಎಳೆಯ ಡಾಕ್ಟರ್. ಇಂಜೆಕ್ಷನ್ ಚುಚ್ಚಿದ್ದು ಅವನೇ.

"ಚುಚ್ಚೂ ಮುಂದ ದಾಖಲೆ ನೋಡಿದ್ರೇನು?"

ಅವನು ತನ್ನ ಬೂಟುಗಳನ್ನು ನೋಡಿದ.

"ಆ ಔಷಧ ಯಾರು ಹೇಳಿದ್ದು?"

ಉಜೈರ, ಬಸಲಿಂಗಪ್ಪನವರು ಬೆಳಗಾವಿಯಿಂದ ಬಂದು ಕೂತಿದ್ದ ಕೋಣೆಯ ಕಡೆ ತಿರುಗಿ ನೋಡಿದ. ಬೀಬಿಜಾನ ಮತ್ತೆ ಕೇಳಲಿಲ್ಲ. ಎಲ್ಲರನ್ನೂ ಆ ಕೋಣೆಗೆ ಕರೆದರು.

"ಮುಗೀತೇನ್ರಿ?" ಎಂದರು ಬಸಲಿಂಗಪ್ಪ, ಖುರ್ಚಿಯಿಂದ ಏಳದೆ. "ಮಂಡಳಿಯವ್ರು ಕಾಯಾಕತ್ತಾರ."

"ಮುಗೀತ್ರಿ. ಉಜೈರ ಡಾಕ್ಟರ್‌ಗೆ ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲ. ಆಯೆಷಾ ಮಂಡಳಿ ಎದರಿಗೇ ಕುಂತಿದ್ಲು. ಉಳದವ್ರು ಇಬ್ಬರು — ಅನಿಕೇತ, ನೀವು."

"ಹಂಗಾರ ಅವನ್ನ ಹಿಡೀರಿ."

"ಅವಗ ಕೆಲಸ ಬರತೈತ್ರಿ, ಅದ ಅವನ್ನ ಉಳಿಸ್ತು. ಬಲ್ಲಾಂವ ಒಮ್ಮೆ ಸೇರಿಸಿ ಲಾಗ್‌ಔಟ್ ಮಾಡಸ್ತಿದ್ದ. ಇಲ್ಲಿ ಆದದ್ದೇನು? ಸೇರಿಸಿದ್ರು — ವಾರ್ಡಿನ ಕಂಪ್ಯೂಟರ್‌ದಾಗ ಅಳಸಾಕ ಆಗಲಿಲ್ಲ. ತಗದು ಮತ್ತ ಸೇರಿಸಿದ್ರು — ಆಗಲಿಲ್ಲ. ಲಿಫ್ಟ್ ಬರಲಿಲ್ಲಂತ ಗುಂಡಿ ಒತ್ತಿಕೋಂತ ನಿಂತಂಗ! ಕಡೀಕೆ ಬ್ಯಾಸತ್ತು ವೈರ್ ಕಿತ್ತಾರ. ಕರೆಂಟ್ ಹೋಗಿದ್ರ ಫ್ಯಾನ್ ಹೆಂಗ ತಿರಗತಿತ್ತು? ತ್ರಿವೇಣಿ ಬಂದು ಪಾಸ್‌ವರ್ಡ್ ಹಾಕಿದ್ಲು, ಹೊಸಾ ಕೈ ಬಂತು. ಅಕೀ ಆಕಡೆ ಹೋಗೂದಕ್ಕ, ತಮ್ಮ ಹೆಸರು ಬೀಳಬಾರದಂತ ಅಕೀ ಹೆಸರಿಲೇ ಅಳಿಸಿದ್ರು. ತ್ರಿವೇಣಿ, ಕರೆಂಟ್ ಹೋತು ಅಂದದ್ದು ಯಾರವಾ?"

ತ್ರಿವೇಣಿ ಬಸಲಿಂಗಪ್ಪನವರ ಕಡೆ ತಿರುಗಿದಳು.

"ಸಾಹೇಬ್ರ."

ಆಯೆಷಾಳ ಕಣ್ಣು ಬಸಲಿಂಗಪ್ಪನವರ ಬೆರಳುಗಳ ಮೇಲಿತ್ತು. ಅವು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದವು.

"ನಾ ಯಾಕ ಅಳಸ್ಲಿ?" ಎಂದರು ಅವರು. "ಚುಚ್ಚಿದಾಂವ ಉಜೈರ!"

"ಸರ್," ಎಂದ ಉಜೈರ, "ಔಷಧ ನೀವು ಫೋನಿನ್ಯಾಗ ಹೇಳಿದ್ರಿ. ದಾಖಲೆ ನೋಡಿ ಕೊಡ್ತೀನಿ ಅಂದೆ. ನನ್ನ ಮ್ಯಾಲ ನಂಬಿಗಿ ಇಲ್ಲೇನು ಅಂತ ಬೈದ್ರಿ."

ಬಸಲಿಂಗಪ್ಪ ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, ಎಲ್ಲರಿಗೂ ತಿಳಿದದ್ದನ್ನೇ ನೆನಪಿಸುವವರಂತೆ ಹೇಳಿದರು:

"ನರ್ಸ್ ಇನ್ನೊಬ್ಬಾಕಿ ಸಿಗತಾಳ್ರಿ. ಇಂಥಾ ಆಸ್ಪತ್ರಿ ಇನ್ನೊಂದು ಕಟ್ಟಾಕ ಆಗೂದಿಲ್ಲ."

"ಹಂಗಂತ ಪೊಲೀಸರ ಮುಂದ ಹೇಳ್ರಿ," ಎಂದರು ಬೀಬಿಜಾನ. ಆಯೆಷಾಗೆ ಕೈ ಮಾಡಿದರು. ಆಯೆಷಾ ಅಲ್ಲೇ ಕೂತು ಅಡ್ಮಿನ್ ಖಾತೆಯ ಪಾಸ್‌ವರ್ಡ್ ಬದಲಿಸಿದಳು.

ಪಡಸಾಲೆಯಲ್ಲಿ ತ್ರಿವೇಣಿ ಫಕೀರವ್ವನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಿದ್ದಳು.

"ಬೇ, ನೀ ಹೇಳಿದ್ದನ್ನ ನಾ ಬರದಿದ್ದೆ. ಸಾಹೇಬ್ರು ಅಳಿಸ್ಯಾರ. ಈಗ ಎಲ್ಲಾ ಗೊತ್ತಾತು."

"ಅಳಿಸಿದ್ದು ಯಾವಾಗ? ಸತ್ತ ಮ್ಯಾಲಲ್ಲ?"

"ಹೌದಬೇ, ಸತ್ತ ಮ್ಯಾಲ."

ಫಕೀರವ್ವ ಬೆರಳು ಮಡಚಿ ಲೆಕ್ಕ ಹಾಕಿದಳು.

"ಅಂದ್ರ ಸೂಜಿ ಚುಚ್ಚೂ ಮುಂದ ಅದು ಅಲ್ಲೇ ಇತ್ತು. ಇಷ್ಟ ಮಂದಿ ಇದ್ರೆಲಾ, ಒಬ್ಬರರೆ ಓದಲಿಲ್ಲೇನವಾ?"

ತ್ರಿವೇಣಿ ಆಯೆಷಾಳನ್ನು ನೋಡಿದಳು. ಆಯೆಷಾ ಬೀಬಿಜಾನರನ್ನು ನೋಡಿದಳು. ಬೀಬಿಜಾನ ಬಂದು ಫಕೀರವ್ವನ ಇನ್ನೊಂದು ಪಕ್ಕ ಕೂತರು.