ನೆರೆಯವನು ಹೇಳಿದ ಒಳ್ಳೆಯ ಮಾತು

"ಪೋರೂರಿನವರು ಬಂದು ನನ್ನ ಬಗ್ಗೆ ವಿಚಾರಿಸಿದಾಗ ಏನು ಹೇಳಿದ್ರಿ, ಅಜಿತ್?"

ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಬಂದಿದ್ದ ಅಜಿತ್ ಬೆಚ್ಚಿಬಿದ್ದ. ಮೇಲಿನ ಮನೆಯ ಶ್ರೀವಿದ್ಯಾ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಒಳ್ಳೇದೇ ಹೇಳಿದೆ..."

"ಅದನ್ನೇ ಕೇಳ್ತಿರೋದು. ಯಾಕೆ ಹೇಳಿದ್ರಿ?"

ಒಳ್ಳೆಯದು ಹೇಳಿದ್ದಕ್ಕೆ ಜಗಳಕ್ಕೆ ಬರುವ ಹುಡುಗಿಯನ್ನು ಎಲ್ಲಾದರೂ ಕಂಡಿದ್ದೀರಾ? ಆದರೆ ಅವಳ ಸಂಕಟ ಅವಳಿಗೇ ಗೊತ್ತು.

ತೊಂಬತ್ತೊಂಬತ್ತರಲ್ಲಿ ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಅವಳ ಮನೆಯವರು ಮೈಸೂರಿನಿಂದ ಮೈಲಾಪೂರಿಗೆ ಬಂದಿದ್ದರು. ಕೆಳಗಿನ ಮನೆಯ ಅಜಿತ್ ಇಲ್ಲೇ ಹುಟ್ಟಿ ಬೆಳೆದ ಕನ್ನಡಿಗ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. "ಕಲಿಸ್ತೀರಾ?" ಎಂದು ಅವನೇ ಕೇಳಿದ್ದ.

ಸಂಜೆ ಇದೇ ತಾರಸಿಯಲ್ಲಿ ಪಾಠ. ಜನರ ಸ್ವಭಾವದ ಪದ ಕಲಿಸುವಾಗ ಅವಳದೊಂದು ನಿಯಮವಿತ್ತು. ಪ್ರತಿ ಪದಕ್ಕೂ ಗೊತ್ತಿರುವ ಒಬ್ಬರನ್ನು ಹೇಳಬೇಕು. ಜಿಪುಣ ಎಂದರೆ ನೀರಿನ ಮೋಟಾರು ಹಾಕಲೂ ಅಳುವ ಮನೆ ಮಾಲೀಕ. ಮುಂಗೋಪಿ ಎಂದರೆ ಉಪ್ಪು ಕಡಿಮೆಯಾದರೆ ತಟ್ಟೆ ದೂಡುವ ಅವನ ನಂಜುಂಡ ಮಾವ. ಗಟ್ಟಿಗಿತ್ತಿ ಎಂದಾಗ ಅಜಿತ್ ಅವಳತ್ತಲೇ ಬೆರಳು ತೋರಿಸಿದ್ದ. ಅವತ್ತೇ ಅವಳು ಸೋತುಹೋಗಿದ್ದಳು!

'ಹೇಡಿ'ಗೆ ಮಾತ್ರ ಅವನಿಗೆ ಯಾರೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಪೋರೂರಿನ ಸಂಬಂಧ ಬಂತು. ಅಜಿತ್ ಬಾಯಿ ಬಿಡದೆ ಅವಳು ಮನೆಯಲ್ಲಿ ಏನೆಂದು ಹೇಳಿಯಾಳು? ಹೆಣ್ಣಿನ ಬಗ್ಗೆ ಅಕ್ಕಪಕ್ಕ ವಿಚಾರಿಸುವುದು ರೂಢಿ. ಆ ಕಟ್ಟಡದಲ್ಲಿ ಇದ್ದ ಇನ್ನೊಂದೇ ಕನ್ನಡದ ಮನೆ ಅಜಿತ್‌ನದು. ಗಂಡಿನ ಕಡೆಯವರು ಅವನ ಬಾಗಿಲನ್ನೇ ತಟ್ಟಿದರು. ಇನ್ನು ಅವನೇ ಏನಾದರೂ ಹೇಳಿ ಈ ಸಂಬಂಧ ತಪ್ಪಿಸುತ್ತಾನೆ ಎಂದು ಅವಳು ದೇವರಿಗೆ ಕೈ ಮುಗಿದಿದ್ದಳು.

ಇವತ್ತು ಬೆಳಿಗ್ಗೆ ತಾಂಬೂಲ ಬದಲಾಯಿಸಿಯೇಬಿಟ್ಟರು.

"ಹಟಮಾರಿ ಅನ್ನಬಹುದಿತ್ತು. ಜಗಳಗಂಟಿ ಅನ್ನಬಹುದಿತ್ತು. ಒಂದು ಕೆಟ್ಟ ಪದ, ಅಜಿತ್! ಅಷ್ಟೆಲ್ಲ ಕಲಿಸಿದ್ನಲ್ಲ..."

"ನಿಮ್ಮ ವಿಷಯದಲ್ಲಿ ಪೊಯ್ ಹೇಳಕ್ಕೆ ಆಗ್ಲಿಲ್ಲ, ವಿದ್ಯಾ. ಸುಳ್ಳು ಬಾಯಿಗೇ ಬರ್ಲಿಲ್ಲ."

"ಹಾಗಾದ್ರೆ ನಿಜ ಹೇಳ್ಬೇಕಿತ್ತು!"

ಅವನ ಕೈಯಲ್ಲಿದ್ದ ಅಂಗಿ ನೆಲಕ್ಕೆ ಬಿತ್ತು.

'ಇವನಿಗೆ ನಾನು ಬರೀ ಟೀಚರ್ ಆಗಿದ್ನಾ?' ಅವಳ ಎದೆ ಒಡೆಯಿತು.

"ಅವ್ರಿಗೆ ಕಾಫಿ ಕೊಡ್ತಾ ಮನಸ್ಸಲ್ಲಿ ನಿಜಾನೇ ಹೇಳ್ತಿದ್ದೆ," ಎಂದ ಅಜಿತ್. "ನಿಮ್ಮಪ್ಪ ನನ್ನ ನಂಬಿದ್ರು. ಹೆದರಿದೆ. ವಿದ್ಯಾ, ನೀವಂದ್ರೆ ನಂಗೆ... ಉಯಿರು."

ಉಯಿರು ಎಂದರೆ ಜೀವ. ಅಷ್ಟು ತಮಿಳು ಅವಳಿಗೆ ಬರುತ್ತಿತ್ತು. ಇದೇ ಮಾತನ್ನು ನಿನ್ನೆ ಹೇಳಿದ್ದರೆ!

"ವಿದ್ಯಾ, ಪೋರೂರಿಂದ ಫೋನು!" ಕೆಳಗಿನಿಂದ ಅಮ್ಮ ಕೂಗಿದರು.

ಅವಳು ತಿರುಗಿದಳು.

"'ಹೇಡಿ'ಗೆ ಒಬ್ಬ ಸಿಕ್ಕಿದ, ವಿದ್ಯಾ," ಎಂದಿತು ಹಿಂದಿನಿಂದ ಒಡೆದ ದನಿ.

ಅವಳು ವಾಪಸ್ಸು ಬಂದಳು. ಬಿದ್ದ ಅಂಗಿಯನ್ನು ಎತ್ತಿ, ಕೊಡವಿ, ಮಡಿಸಿ ಅವನ ಕೈಗಿಟ್ಟಳು.

"ಆ ಪದ ಮರೆತುಬಿಡಿ. ಅದನ್ನ ನಾನು ನಿಮಗೆ ಕಲಿಸ್ಲೇ ಇಲ್ಲ."

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ಇಟ್ಕೊಳ್ಳಿ... ಅದು ನಿಮ್ಮದೇ."