ಭಾವನ ಬೋರ್ಡು

ಸಾಲ್ಡರಿಂಗ್ ಐರನ್ನಿನ ಯಾವ ತುದಿ ಸುಡುತ್ತದೆ ಎಂಬುದು ಕೂಡ ಭಾವನಿಗೆ ಗೊತ್ತಿರಲಿಲ್ಲ. ಆದರೂ ಹೋದ ವರ್ಷ ಹಳೆಯ ಕಂಪ್ಯೂಟರ್‌ಗಳ ಪ್ರದರ್ಶನದಲ್ಲಿ ತೀರ್ಪುಗಾರರು, "ನಲವತ್ತು ವರ್ಷದ ಯಂತ್ರ ಇಷ್ಟು ಚೆನ್ನಾಗಿ ಓಡ್ತಿದೆಯಲ್ಲ, ಯಾರು ನೋಡ್ಕೊಳ್ತಾರೆ?" ಎಂದು ಕೇಳಿದಾಗ ಅವರು ಕತ್ತು ನೆಟ್ಟಗೆ ಮಾಡಿಕೊಂಡು, "ನಾನೇ. ಬಿಡುವಾದಾಗ ಸ್ವಲ್ಪ ಕೈಯಾಡಿಸ್ತಿರ್ತೀನಿ" ಎಂದುಬಿಟ್ಟರು. ಹನ್ನೆರಡು ವರ್ಷದಿಂದ ಅದೇ ಯಂತ್ರವನ್ನು ಬಿಚ್ಚಿ, ಒರೆಸಿ, ಬದುಕಿಸಿಕೊಂಡು ಬಂದಿದ್ದ ಮೈದುನ ಪಕ್ಕದಲ್ಲೇ ವೈರಿನ ಸುರುಳಿ ಹಿಡಿದು ನಿಂತಿದ್ದ. ಹಲ್ಲು ಕಚ್ಚಿಕೊಂಡೇ ನಕ್ಕ. ಮೊದಲ ಬಹುಮಾನದ ಫಲಕ ಅಕ್ಕನ ಮನೆಯ ಗೋಡೆ ಸೇರಿತು. ಅವನು ಹೋದಾಗಲೆಲ್ಲ ಅದರ ಎದುರಿನ ಕುರ್ಚಿಯಲ್ಲೇ ಕೂರಿಸುತ್ತಿದ್ದರು.

ಈ ವರ್ಷ ಬರೀ ಫಲಕದ ಮಾತಾಗಿರಲಿಲ್ಲ. ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಮೂವತ್ತೆಂಟು ಹಳೆಯ ಕಂಪ್ಯೂಟರ್‌ಗಳು ಬಟ್ಟೆ ಹೊದ್ದು ಮಲಗಿದ್ದವು. ಗೆದ್ದವರಿಗೆ ಅವುಗಳ ಉಸ್ತುವಾರಿ, ಜೊತೆಗೆ ಉಗ್ರಾಣದ ಬೀಗದ ಕೈ. ಆ ಬೀಗದ ಕೈ ಭಾವನ ಜೇಬಿನಲ್ಲಿ ಸ್ಕೂಟರ್ ಕೀಗೆ ತಾಗಿ ಗಲಗಲ ಅನ್ನುವುದನ್ನು ನೆನೆದರೆ ಸಾಕು, ಮೈದುನನಿಗೆ ಊಟ ಸೇರುತ್ತಿರಲಿಲ್ಲ.

ಅವನ ಬಳಿಯೂ ಅದೇ ಮಾದರಿಯ, ಅದೇ ವರ್ಷದ ಯಂತ್ರವಿತ್ತು. ಅದಕ್ಕಿದ್ದ ರೋಗ ಒಂದೇ. ಒಳಗಿನ ಬೋರ್ಡಿನಲ್ಲಿ ಪರದೆಗೆ ಅಕ್ಷರ ಕಳಿಸುವ ಚಿಪ್ ತಣ್ಣಗಿದ್ದಾಗ ಸರಿಯಾಗಿರುತ್ತಿತ್ತು. ನಲವತ್ತು ನಿಮಿಷ ಕಳೆದು ಬಿಸಿಯೇರಿದರೆ ಅಕ್ಷರಗಳೆಲ್ಲ ಇರುವೆಗಳಾಗಿ ಚದುರಿ, ಆಮೇಲೆ ಕತ್ತಲೆ. ಆ ಚಿಪ್ ಈಗ ಎಲ್ಲೂ ಸಿಗುವುದಿಲ್ಲ. ಭಾವನ ಬೋರ್ಡಿನಲ್ಲಿ ಅದು ಗುಂಡುಕಲ್ಲಿನ ಹಾಗಿತ್ತು.

ಹಾಗಾದರೆ ಪೆಟ್ಟಿಗೆಗಳು ಇದ್ದ ಹಾಗೇ ಇರಲಿ, ಒಳಗಿನ ಬೋರ್ಡು ಮಾತ್ರ ಅದಲುಬದಲಾಗಲಿ. ಎರಡೂ ಪೆಟ್ಟಿಗೆಗಳ ಒಳಗನ್ನು ಕಂಡವನು ಜಗತ್ತಿನಲ್ಲಿ ಒಬ್ಬನೇ. ಅವನೇನೂ ಬಾಯಿಬಿಡುವವನಲ್ಲ.

ಪ್ರದರ್ಶನ ಶನಿವಾರ. ಸೋಮವಾರ ಸಂಜೆ ಭಾವ ತಾವೇ ಯಂತ್ರವನ್ನು ಹೊತ್ತು ತಂದರು.

"ಏನಯ್ಯಾ, ಸ್ವಲ್ಪ ಧೂಳುಗೀಳು ಹೊಡೆದುಕೊಡು. ಈ ಸಲಾನೂ ನಾವೇ!"

ಧೂಳು ಹೊಡೆಯುವಾಗ 'ನೀನು', ಬಹುಮಾನ ಬರುವವರೆಗೆ 'ನಾವು', ಬಂದ ಮೇಲೆ 'ನಾನು'. ಭಾವನ ವ್ಯಾಕರಣ ಮೈದುನನಿಗೆ ಬಾಯಿಪಾಠವಾಗಿತ್ತು.

"ಆಗಲಿ ಭಾವ. ಹಾಲ್‌ಗೂ ನಾನೇ ತಂದಿಡ್ತೀನಿ. ಹೊತ್ಕೊಂಡು ಓಡಾಡಿ ಬೆನ್ನು ನೋಯಿಸ್ಕೋಬೇಡಿ" ಎಂದ, ಜೇನು ಸುರಿದ ಹಾಗೆ.

ಮಂಗಳವಾರ ಮಧ್ಯಾಹ್ನ, ಲಿಫ್ಟ್ ಕಂಪನಿಯ ಮೊದಲ ಪಾಳಿ ಮುಗಿಸಿ ಬಂದವನೇ ಕೋಣೆಯ ಚಿಲಕ ಹಾಕಿಕೊಂಡ. ಬೋರ್ಡುಗಳ ಮೇಲಿನ ನಂಬರ್ ಚೀಟಿಗಳನ್ನು ಹೆಂಡತಿಯ ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಹರಿಯದಂತೆ ಕಿತ್ತು, ಅದಲುಬದಲು ಅಂಟಿಸಿದ. ಯಾವ ಸ್ಕ್ರೂ ಯಾವ ತೂತಿನದೋ ಆ ತೂತಿಗೇ ಹೋಯಿತು. ಭಾವನ ಪೆಟ್ಟಿಗೆಯ ಮೂಲೆಗಳಲ್ಲಿದ್ದ ಧೂಳನ್ನು ಮೊದಲೇ ಕಾಗದದ ಪೊಟ್ಟಣಗಳಲ್ಲಿ ಕಟ್ಟಿಟ್ಟಿದ್ದ. ಕೆಲಸ ಮುಗಿದ ಮೇಲೆ ಬ್ರಶ್ಶಿನಿಂದ ಅದನ್ನು ಮೂಲೆಮೂಲೆಗೂ ಹಚ್ಚುತ್ತ ಕುಳಿತ.

"ರೀ, ಚಿಲಕ ಹಾಕ್ಕೊಂಡು ಏನ್ ಮಾಡ್ತಿದೀರಾ?" ಹೊರಗಿನಿಂದ ಹೆಂಡತಿ.

"ಧೂಳಿನ ಕೆಲಸ ಕಣೇ."

"ಅದಕ್ಕೆ ಚಿಲಕ ಬೇಕಾ? ಹಾಗೇ ಈ ಫ್ಯಾನೂ ಒರೆಸಿಬಿಡಿ, ಬೇಕಾದ್ರೆ ಕಣ್ಮುಚ್ಚಿಕೊಳ್ತೀನಿ."

ಆ ವಾರ ಪ್ರತಿ ದಿನವೂ ತನ್ನ ಪೆಟ್ಟಿಗೆ ಸೇರಿದ ಭಾವನ ಬೋರ್ಡನ್ನು ಗಂಟೆಗಟ್ಟಲೆ ಓಡಿಸಿ ನೋಡಿದ. ಒಂದು ಅಕ್ಷರವೂ ಅಲುಗಲಿಲ್ಲ.

ಶನಿವಾರ ರಜೆ ಹಾಕಿ ಎರಡೂ ಯಂತ್ರಗಳನ್ನು ಹಾಲ್‌ಗೆ ಸಾಗಿಸಿ, ಅಕ್ಕಪಕ್ಕದ ಮೇಜುಗಳ ಮೇಲಿಟ್ಟ. ಹತ್ತೂವರೆಗೆ ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಸ್ವಿಚ್ ಒತ್ತಿದರು. ಹನ್ನೊಂದೂ ಹತ್ತಕ್ಕೆ, ಲೆಕ್ಕ ತಪ್ಪದೆ, ಅವರ ಪರದೆಯ ತುಂಬ ಇರುವೆ, ಹಿಂದೆಯೇ ಕತ್ತಲೆ. ಭಾವ ಪೆಟ್ಟಿಗೆಯ ನೆತ್ತಿಗೆ ಎರಡೇಟು ಕೊಟ್ಟರು. ಮುಖ ಬಾಡಿಹೋಗಿತ್ತು. ಪಕ್ಕದಲ್ಲಿದ್ದ ಅಕ್ಕ, "ಲೋ, ನೋಡೋ ಸ್ವಲ್ಪ" ಎಂದಾಗ ಮೈದುನನ ಎದೆಯೊಳಗೆ ಏನೋ ಚುಚ್ಚಿತು. ಅಷ್ಟರಲ್ಲಿ ತೀರ್ಪುಗಾರರು ಬರುತ್ತಿರುವುದು ಕಂಡಿತು. ಚುಚ್ಚಿದ್ದು ತಾನಾಗಿಯೇ ಹೋಯಿತು.

"ಹಳೇದಲ್ವಾ ಅಕ್ಕಾ, ಎಷ್ಟೂಂತ ಓಡುತ್ತೆ ಪಾಪ" ಎಂದ.

ತೀರ್ಪುಗಾರರಲ್ಲಿ ಹಿರಿಯರಾದ ಎಂಜಿನಿಯರಮ್ಮ ಅವನ ಯಂತ್ರದ ಮುಂದೆ ಬಹಳ ಹೊತ್ತು ನಿಂತರು. ಗುಂಡಿಗಳನ್ನು ಒತ್ತಿದರು, ಮುಚ್ಚಳ ತೆಗೆಸಿ ಒಳಗಿನ ಬೆಸುಗೆಗಳನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಬಲ್ಲವರ ಕೈ" ಎಂದರು. ಅವನ ಕಿವಿ ಕೆಂಪಾಯಿತು. ಹನ್ನೆರಡು ವರ್ಷಕ್ಕೆ ಮೊದಲ ಸಲ ಕೇಳಿದ ಮಾತು ಅದು. ಅವರು ಪಟ್ಟಿಯಲ್ಲಿ ಅವನ ಮೇಜಿನ ನಂಬರಿನ ಎದುರು ಏನೋ ಗೀಚಲು ಪೆನ್ನಿನ ಮುಚ್ಚಳ ತೆಗೆದರು.

ಆಗ ಯಂತ್ರ ಬೀಪ್ ಬೀಪ್ ಎಂದು ಕೂಗತೊಡಗಿತು. ಪರದೆಯ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು ಮೂಡಿತು: 'ರೀ, ಬಿಪಿ ಮಾತ್ರೆ ತಗೊಂಡ್ರಾ? ತಗೊಂಡಿದ್ರೆ ವೈ ಒತ್ತಿ. ಸುಳ್ಳು ಹೇಳ್ಬೇಡಿ.' ಭಾವನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಮಾತ್ರೆಯನ್ನು ನೀರಿಲ್ಲದೆ ನುಂಗಿ, ಪಕ್ಕದ ಮೇಜಿಗೆ ಬಾಗಿ, ರೂಢಿಯಂತೆ ತೋರುಬೆರಳಿನಿಂದ ಗುಂಡಿ ಒತ್ತಿದರು. ಕೂಗು ನಿಂತಿತು. ಬೆರಳು ಅಲ್ಲೇ ಉಳಿಯಿತು. "ಲೋ," ಎಂದಳು ಟೈಪಿಂಗ್ ಕಲಿಸಿ ನಿವೃತ್ತಳಾಗಿದ್ದ ಅಕ್ಕ, "ಇದು ನಾನು ಈ ವರ್ಷ ನಿಮ್ಮ ಭಾವನಿಗೆ ಅಂತ ಬರೆದಿಟ್ಟಿದ್ದು ಕಣೋ. ನಿನ್ನದರಲ್ಲಿ ಹೇಗೆ ಬಂತು?" ಎಂಜಿನಿಯರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಬೋರ್ಡಿನ ಮೂಲೆಯಲ್ಲಿ ಪುಟ್ಟ ಬ್ಯಾಟರಿಯ ಬಲದಿಂದ ಸಮಯವನ್ನೂ ಬರೆದಿಟ್ಟದ್ದನ್ನೂ ಕಾಪಾಡುವ ಗಡಿಯಾರವನ್ನು ಮೈದುನ ಮರೆತಿರಲಿಲ್ಲ. ಅದು ಒಂದು ನಿಮಿಷವೂ ತಪ್ಪದೆ ಓಡುತ್ತಿದೆ ಎಂದು ಹಿಗ್ಗಿದ್ದ ಕೂಡ. ಆದರೆ ಅವನು ಪರೀಕ್ಷೆ ಮಾಡಿದ್ದೆಲ್ಲ ಪಾಳಿ ಮುಗಿದು ಮನೆಗೆ ಬಂದ ಮೇಲೆ, ಮಧ್ಯಾಹ್ನ ಮೂರರ ನಂತರ. ಭಾವನ ಮಾತ್ರೆಯ ಹೊತ್ತು ಬೆಳಗಿನ ಹನ್ನೊಂದೂವರೆ.